ಪಿಕಪ್ ಗಾಡಿ ಎತ್ತರಿಸುವ ಮುನ್ನ ಶಾಕ್ ಅಬ್ಸಾರ್ಬರ್ ಅಳೆಯಿರಿ

ದೇವದುರ್ಗ ತಾಲ್ಲೂಕಿನ ಎರೆಹೊಲಗಳಲ್ಲಿ ಒಂದು ಒಳ್ಳೆಯ ಮಳೆ ಬಿದ್ದರೆ ಸಾಕು, ಬಂಡಿದಾರಿಯಲ್ಲಿ ಗಾಲಿ ಹೂತುಹೋಗುತ್ತದೆ. ಮಾನ್ವಿ ಕಡೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಹರಿಯುವ ಗದ್ದೆಗಳ ದಾರಿಯೂ ಅಷ್ಟೇ. ಹತ್ತಿ, ಭತ್ತ ಹೇರಿಕೊಂಡು ರಾಯಚೂರಿನ ಮಾರುಕಟ್ಟೆಗೆ ಹೊರಟ ಪಿಕಪ್ ಗಾಡಿಯ ಹೊಟ್ಟೆ ಜಾಡಿನ ನಡುವಿನ ದಿಬ್ಬಕ್ಕೆ ತಗಲುವುದು ನಮ್ಮ ರೈತರಿಗೆ ಹೊಸದಲ್ಲ. ಆದುದರಿಂದ ಕೆಲವರು ಗಾಡಿಯನ್ನು ಒಂದೆರಡು ಇಂಚು ಎತ್ತರಿಸಲು ಹೊರಡುತ್ತಾರೆ. ಕಮಾನು ಪಟ್ಟಿಗೆ ಹಣ ಹಾಕುತ್ತಾರೆ, ಶಾಕ್ ಮಾತ್ರ ಹಳೆಯದನ್ನೇ ಉಳಿಸುತ್ತಾರೆ. ತಪ್ಪಾಗುವುದು ಇಲ್ಲಿಯೇ.

ಭಾರ ಹೊರುವುದು ಯಾವುದು?

ರೈತ ಬಾಂಧವರೇ, ಶಾಕ್ ಅಬ್ಸಾರ್ಬರ್ ಗಾಡಿಯನ್ನು ಎತ್ತುವುದಿಲ್ಲ, ಭಾರವನ್ನೂ ಹೊರುವುದಿಲ್ಲ. ಅದು ಕಮಾನು ಪಟ್ಟಿಯ ಕೆಲಸ. ಗುಂಡಿಗೆ ಬಿದ್ದು ಬಾಗಿದ ಪಟ್ಟಿ ಚಿಮ್ಮಿ ಮೇಲೆ ಕೆಳಗೆ ಕುಣಿಯುತ್ತದೆ. ಶಾಕಿನೊಳಗಿನ ಎಣ್ಣೆ ಸಣ್ಣ ರಂಧ್ರಗಳಲ್ಲಿ ಹಾಯುತ್ತ ಆ ಕುಣಿತವನ್ನು ಅಡಗಿಸುತ್ತದೆ. ಎತ್ತಿಗೆ ಮೂಗುದಾರ ಹೇಗೋ, ಪಟ್ಟಿಗೆ ಶಾಕ್ ಹಾಗೆ. ದಾರ ಗಿಡ್ಡವಾದರೆ ಎತ್ತು ನಡೆಯಲಾರದು, ಸಡಿಲವಾದರೆ ಹಿಡಿತಕ್ಕೆ ಬಾರದು.

ಗಾಡಿ ನಿಜವಾಗಿ ತಗ್ಗಾಗಿದೆಯೇ, ಇಲ್ಲವೇ ಅತಿಭಾರದಿಂದ ಪಟ್ಟಿಗಳು ಜೋತುಬಿದ್ದಿವೆಯೇ ಎಂಬುದನ್ನು ಮೊದಲು ಪರೀಕ್ಷಿಸಿರಿ. ದಣಿದ ಪಟ್ಟಿ ಬದಲಿಸಿ ಕಂಪನಿಯ ಮೂಲ ಎತ್ತರಕ್ಕೆ ತಂದರೆ ಎಷ್ಟೋ ಗಾಡಿಗಳಿಗೆ ಅದೇ ಸಾಕು. ಆಗ ಕಂಪನಿ ಹೇಳಿದ ಅಳತೆಯ ಶಾಕನ್ನೇ ಹಾಕಬೇಕು.

ಮೂರು ಅಳತೆಗಳು

ಎತ್ತರಿಸಿದ ಗಾಡಿಯಲ್ಲಿ ಹಳೆಯ ಶಾಕ್ ಮೊದಲೇ ಹಿಗ್ಗಿ ನಿಂತಿರುತ್ತದೆ. ಗಾಲಿ ಗುಂಡಿಗೆ ಇಳಿದಾಗ ಇನ್ನೂ ಹಿಗ್ಗಲು ಜಾಗವಿಲ್ಲದೆ ಅಚ್ಚಿನ ತೂಕವೆಲ್ಲ ಅದಕ್ಕೆ ಜೋತುಬೀಳುತ್ತದೆ. ಸೀಲು ಹರಿದು ಎಣ್ಣೆ ಸೋರುತ್ತದೆ, ಬೋಲ್ಟು ಮುರಿಯಲೂಬಹುದು. ತೀರ ಉದ್ದದ ಶಾಕ್ ಹಾಕಿದರೆ ಇದಕ್ಕೆ ತದ್ವಿರುದ್ಧ. ತುಂಬಿದ ಗಾಡಿ ಕುಗ್ಗಿದಾಗ ಅದು ಪೂರ್ತಿ ಮುಚ್ಚಿಕೊಂಡು ಕಬ್ಬಿಣಕ್ಕೆ ಕಬ್ಬಿಣ ಬಡಿಯುತ್ತದೆ.

ಆದುದರಿಂದ ಎತ್ತರಿಸಿದ ನಂತರ ಹೀಗೆ ಅಳೆಯಿರಿ:

1. ಖಾಲಿ ಗಾಡಿ ಸಮತಟ್ಟು ನೆಲದ ಮೇಲಿರುವಾಗ ಶಾಕಿನ ಮೇಲಿನ ಬೋಲ್ಟಿನಿಂದ ಕೆಳಗಿನ ಬೋಲ್ಟಿನವರೆಗೆ.

2. ಬಂಪ್ ಸ್ಟಾಪ್ ಎನ್ನುವ ರಬ್ಬರ್ ತಡೆಗೂ ಅಚ್ಚಿಗೂ ನಡುವಿನ ಅಂತರ. ಶಾಕ್ ಹೆಚ್ಚುಕಡಿಮೆ ನೆಟ್ಟಗಿದ್ದರೆ ಇದನ್ನು ಮೊದಲ ಅಳತೆಯಿಂದ ಕಳೆಯಿರಿ. ಹೊಸ ಶಾಕ್ ಮುಚ್ಚಿದಾಗ ಉಳಿದ ಅಳತೆಗಿಂತ ಸುಮಾರು 1 ಇಂಚು ಗಿಡ್ಡವಿರಲಿ.

3. ಚಾಸಿಯನ್ನು ಗಟ್ಟಿ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಅಚ್ಚಿಗೆ ಜಾಕಿನ ಆಸರೆ ಕೊಟ್ಟು, ಶಾಕ್ ಬಿಚ್ಚಿ, ನಿಧಾನವಾಗಿ ಇಳಿಬಿಟ್ಟಾಗ ಬರುವ ಉದ್ದ. ಹೊಸ ಶಾಕ್ ಹಿಗ್ಗಿದಾಗ ಇದಕ್ಕಿಂತ ತುಸು ಉದ್ದವಿರಬೇಕು. ಬ್ರೇಕಿನ ರಬ್ಬರ್ ನಳಿಕೆ ಎಳೆದು ಬಿಗಿಯಾಗುತ್ತಿದ್ದರೆ ಅಲ್ಲಿಗೇ ನಿಲ್ಲಿಸಿರಿ.

ಯಾವ ಬಗೆ?

ಒಂದೇ ಕೊಳವೆಯ ಗ್ಯಾಸ್ ಶಾಕ್ ಬೇಗ ತಣಿಯುತ್ತದೆ. ಆದರೆ ಅದರ ಮೈಗೆ ಕಲ್ಲು ಬಡಿದು ನೆಗ್ಗಿದರೆ ಒಳಗಿನ ಪಿಸ್ಟನ್ ಸಿಕ್ಕಿಕೊಳ್ಳುತ್ತದೆ. ಎರಡು ಕೊಳವೆಯದು ಹೊರಗಿನ ಪೆಟ್ಟನ್ನು ಹೆಚ್ಚು ತಾಳುತ್ತದೆ. ಅದರಲ್ಲೂ ಸಾರಜನಕ ಅನಿಲ ತುಂಬಿದ್ದಾದರೆ ಎಣ್ಣೆ ಬೇಗ ನೊರೆಯೇಳುವುದಿಲ್ಲ. ರಾಯಚೂರಿನ ಬೇಸಿಗೆಗೂ ನಮ್ಮ ಕಲ್ಲುದಾರಿಗೂ ಇದು ಹೊಂದುತ್ತದೆ. ಶಾಕುಗಳನ್ನು ಯಾವಾಗಲೂ ಎಡಬಲ ಜೋಡಿಯಾಗಿಯೇ ಬದಲಿಸಿರಿ.

ಮರೆಯಬಾರದ ಎಚ್ಚರಿಕೆ

ಅನೇಕ ಪಿಕಪ್‌ಗಳಲ್ಲಿ ಹೇರಿನ ಭಾರಕ್ಕೆ ತಕ್ಕಂತೆ ಹಿಂದಿನ ಬ್ರೇಕನ್ನು ಹೊಂದಿಸುವ ವಾಲ್ವ್ ಒಂದಿರುತ್ತದೆ. ಚಾಸಿ ಮತ್ತು ಅಚ್ಚಿನ ನಡುವಿನ ಅಂತರವೇ ಅದಕ್ಕೆ ಗುರುತು. ಗಾಡಿ ಎತ್ತರಿಸಿ ಇದನ್ನು ಸರಿಪಡಿಸದಿದ್ದರೆ, ಹೇರು ತುಂಬಿದ್ದರೂ ವಾಲ್ವ್ ಗಾಡಿ ಖಾಲಿಯೆಂದೇ ತಿಳಿದು ಹಿಂದಿನ ಬ್ರೇಕಿಗೆ ಬಲ ಕಡಿಮೆ ಕೊಡುತ್ತದೆ. ಎತ್ತರಿಸಿದ ಗಾಡಿಗೆ ಎತ್ತರದ ಹತ್ತಿ ಹೇರು ಸೇರಿದರೆ ತಿರುವಿನಲ್ಲಿ ಮಗುಚುವ ಭಯವೂ ಹೆಚ್ಚು. ಕಾಲುವೆ ಏರಿಯ ಮೇಲೆ ಅದು ಜೀವದ ಪ್ರಶ್ನೆ. ಇಂಥ ಗಾಡಿಯಲ್ಲಿ ಕೂಲಿಯಾಳುಗಳನ್ನು ಕೂರಿಸಲೇಬೇಡಿ.

ಕಾನೂನನ್ನೂ ತಿಳಿದಿರಿ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಕಂಪನಿಯ ಮೂಲ ವಿವರಗಳಿಗೆ ವ್ಯತಿರಿಕ್ತವಾದ ಮಾರ್ಪಾಡನ್ನು ತಡೆಯುತ್ತದೆ. 2019ರ ತಿದ್ದುಪಡಿಯ ಪ್ರಕಾರ ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ ಮಾಲೀಕನಿಗೆ 5,000 ರೂಪಾಯಿ ದಂಡ, ಇಲ್ಲವೆ 6 ತಿಂಗಳವರೆಗೆ ಸೆರೆ, ಅಥವಾ ಎರಡನ್ನೂ ವಿಧಿಸಬಹುದು. ಆದುದರಿಂದ ಕೆಲಸಕ್ಕೆ ಕೈಹಾಕುವ ಮುನ್ನ ರಾಯಚೂರಿನ ಪ್ರಾದೇಶಿಕ ಸಾರಿಗೆ ಕಚೇರಿಯಲ್ಲಿ ವಿಚಾರಿಸಿರಿ, ವಿಮೆಯವರನ್ನೂ ಕೇಳಿರಿ.

ಮೇಸ್ತ್ರಿಯ ಬಳಿ ಹೋಗುವಾಗ ಅಳತೆಗಳನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಅಂದಾಜಿನಲ್ಲಿ ಕೊಂಡ ಶಾಕ್ ಒಂದು ಸುಗ್ಗಿಯೂ ಬಾಳದು, ಅಳೆದು ಕೊಂಡದ್ದು ಗಾಡಿಯನ್ನೂ ಹೇರನ್ನೂ ಕಾಯುತ್ತದೆ.