ಮುದ್ದಿನ ನಾಯಿ, ಕಾನೂನಿನ ಲಗೇಜು

2019ರ ಅಕ್ಟೋಬರಿನಲ್ಲಿ ಬ್ಯೂನಸ್ ಐರಿಸ್‌ನಿಂದ ಬಾರ್ಸಿಲೋನಾಕ್ಕೆ ಹೊರಟಿದ್ದ ಮಹಿಳೆಯೊಬ್ಬರು ತಮ್ಮ ನಾಯಿಯನ್ನು ಪೆಟ್ಟಿಗೆಯಲ್ಲಿ ಕೂರಿಸಿ ಐಬೀರಿಯಾ ವಿಮಾನ ಸಂಸ್ಥೆಯ ಕೌಂಟರಿನಲ್ಲಿ ಒಪ್ಪಿಸಿದರು. ವಿಮಾನದ ಹತ್ತಿರ ಒಯ್ಯುವಾಗ ನಾಯಿ ತಪ್ಪಿಸಿಕೊಂಡು ಓಡಿತು. ಮತ್ತೆ ಸಿಗಲೇ ಇಲ್ಲ. ಆಕೆ 5,000 ಯೂರೋ ಪರಿಹಾರ ಕೇಳಿದರು. ಸಂಸ್ಥೆ ಹೊಣೆ ಒಪ್ಪಿಕೊಂಡಿತು, ಆದರೆ ಸೂಟ್‌ಕೇಸು ಕಳೆದರೆ ಎಷ್ಟು ಕೊಡಬೇಕೋ ಅಷ್ಟೇ ಕೊಡುತ್ತೇವೆ ಎಂದಿತು. ವ್ಯಾಜ್ಯ ಮ್ಯಾಡ್ರಿಡ್‌ನಿಂದ ಲಕ್ಸೆಂಬರ್ಗ್‌ನ ಐರೋಪ್ಯ ಒಕ್ಕೂಟದ ನ್ಯಾಯಾಲಯ ಮುಟ್ಟಿತು. 2025ರ ಅಕ್ಟೋಬರಿನಲ್ಲಿ ಉತ್ತರ ಬಂತು: 1999ರ ಮಾಂಟ್ರಿಯಲ್ ಒಪ್ಪಂದಕ್ಕೆ ಗೊತ್ತಿರುವುದು ಪ್ರಯಾಣಿಕರು, ಲಗೇಜು, ಸರಕು ಈ ಮೂರೇ. ಪ್ರಯಾಣಿಕ ಎಂದರೆ ಮನುಷ್ಯ. ಹಾಗಾಗಿ ಜೊತೆಗೆ ಬಂದ ನಾಯಿ ಲಗೇಜು. ಹೆಚ್ಚು ಪರಿಹಾರ ಬೇಕಿದ್ದರೆ ಚೆಕ್-ಇನ್ ಹೊತ್ತಿಗೇ ಅದರ ಮೌಲ್ಯವನ್ನು ಘೋಷಿಸಬೇಕಿತ್ತು.

ನಾಯಿ ಸಾಕಿದವರಿಗೆ ಈ ಮಾತು ಚುಚ್ಚುತ್ತದೆ. ಆದರೆ ನ್ಯಾಯಾಲಯ ಹೊಸದೇನನ್ನೂ ಹೇಳಲಿಲ್ಲ. ಪ್ರಾಣಿಗಳ ವಿಮಾನಯಾನದ ಚರಿತ್ರೆಯಲ್ಲಿ ನಿಯಮ ಹುಟ್ಟಿದ್ದೆಲ್ಲ ಬಹುಮಟ್ಟಿಗೆ ಬೇರೆ ಯಾರದೋ ಹಿತಕ್ಕೆ.

ಹಾಗೆ ನೋಡಿದರೆ ಆಕಾಶಕ್ಕೆ ಮೊದಲು ಏರಿದ್ದೇ ಅವು. 1783ರ ಸೆಪ್ಟೆಂಬರ್ 19ರಂದು ವರ್ಸೇಲ್ಸ್ ಅರಮನೆಯಲ್ಲಿ ಹದಿನಾರನೇ ಲೂಯಿ ದೊರೆಯ ಎದುರು ಮಾಂಗೋಲ್ಫಿಯೇ ಸಹೋದರರ ಬಿಸಿಗಾಳಿ ಬಲೂನು ಒಂದು ಕುರಿ, ಒಂದು ಬಾತು, ಒಂದು ಹುಂಜವನ್ನು ಹೊತ್ತು ಮೇಲೇರಿತು. ಮೇಲಿನ ಗಾಳಿಯಲ್ಲಿ ಜೀವ ಉಳಿಯುತ್ತದೋ ಇಲ್ಲವೋ ಎಂದು ನೋಡಬೇಕಿತ್ತು, ಕುರಿಯನ್ನು ಕೇಳಿದವರಿಲ್ಲ. ವ್ಯಾಪಾರಿ ವಿಮಾನಗಳ ಕಾಲ ಬಂದಾಗ ಮೊದಲು ಹತ್ತಿದ್ದು ದುಡ್ಡಿನ ಪ್ರಾಣಿ. 1924ರ ಜುಲೈನಲ್ಲಿ ಕೆಎಲ್ಎಂ ಸಂಸ್ಥೆ ನಿಕೋ ಎಂಬ ತಳಿ ಹೋರಿಯನ್ನು ಫಾಕರ್ ವಿಮಾನದಲ್ಲಿ ರಾಟರ್‌ಡ್ಯಾಮ್‌ನಿಂದ ಪ್ಯಾರಿಸ್ಸಿಗೆ ಒಯ್ದಿತು. ಮುದ್ದಿಗಾಗಿ ಸಾಕಿದ ನಾಯಿ ಬೆಕ್ಕುಗಳ ಸರದಿ ನಿಜವಾಗಿ ಬಂದದ್ದು ಜೆಟ್ ಯುಗದಲ್ಲಿ, ಕುಟುಂಬಗಳು ಸಂಸಾರ ಸಮೇತ ಖಂಡ ದಾಟತೊಡಗಿದ ಮೇಲೆ.

ಆಗ ಬೇಕಾದದ್ದು ಪೆಟ್ಟಿಗೆ. ವಿಮಾನ ಸಂಸ್ಥೆಗಳ ಜಾಗತಿಕ ಒಕ್ಕೂಟವಾದ ಐಎಟಿಎ 1969ರಲ್ಲಿ ಜೀವಂತ ಪ್ರಾಣಿಗಳ ಸಾಗಣೆಗೆ ನಿಯಮಪುಸ್ತಕವನ್ನು ಮೊದಲ ಬಾರಿ ಹೊರತಂದಿತು. ಈಗ ಅದು ವರ್ಷವರ್ಷವೂ ಪರಿಷ್ಕೃತವಾಗುತ್ತದೆ. ನನಗೆ ಆ ಪುಸ್ತಕದಲ್ಲಿ ಇಷ್ಟವಾಗುವುದು ನಾಯಿಯ ಅಳತೆ. ಮೂಗಿನ ತುದಿಯಿಂದ ಬಾಲದ ಬುಡದವರೆಗಿನ ಉದ್ದಕ್ಕೆ, ನೆಲದಿಂದ ಮುಂಗಾಲಿನ ಮೊಣಕೈವರೆಗಿನ ಎತ್ತರದ ಅರ್ಧವನ್ನು ಕೂಡಿಸಿದರೆ ಪೆಟ್ಟಿಗೆಯ ಉದ್ದ. ಭುಜದ ಅಗಲದ ಎರಡರಷ್ಟು ಪೆಟ್ಟಿಗೆಯ ಅಗಲ. ನಿಂತಾಗ ತಲೆಯೋ ಕಿವಿಯ ತುದಿಯೋ ಯಾವುದು ಎತ್ತರವೋ ಅದು ಚಾವಣಿಗೆ ತಾಗಬಾರದು. ನಾಯಿ ನಿಲ್ಲಬೇಕು, ತಿರುಗಬೇಕು, ಸಹಜವಾಗಿ ಮಲಗಬೇಕು. ಚಪ್ಪಟೆ ಮೂಗಿನ ತಳಿಯಾದರೆ ಶೇ 10ರಷ್ಟು ಹೆಚ್ಚು ಜಾಗ. ಬಾಗಿಲು ತೆರೆಯದೆಯೇ ನೀರು ತುಂಬುವಂತಿರಬೇಕು. ದರ್ಜಿ ಮದುಮಗನ ಅಳತೆ ತೆಗೆದಂತಿರುವ ಈ ಒಂದು ಪುಟ ಮಾತ್ರ ನಾಯಿಯ ಮೈಯಿಂದ ಹೊರಟು ಬರೆದದ್ದು.

ವಿಮಾನದ ಹೊಟ್ಟೆಯಲ್ಲಿ ಗಾಳಿಯಿಲ್ಲ, ನಾಯಿ ಚಳಿಗೆ ಸಾಯುತ್ತದೆ ಎಂಬ ಭಯ ಬಹಳ ಮಂದಿಗಿದೆ. ಆದರೆ ಕ್ಯಾಬಿನ್ನಿನಲ್ಲಿರುವ ಗಾಳಿಯ ಒತ್ತಡವೇ ಕೆಳಗೂ ಇರುತ್ತದೆ. ಪ್ರಾಣಿಗಳನ್ನಿಡುವ ಭಾಗಕ್ಕೆ ಬಿಸಿಗಾಳಿ ಹರಿಯುತ್ತದೆ, ಅಲ್ಲಿ ಜೀವವೊಂದು ಇದೆ ಎಂದು ಕ್ಯಾಪ್ಟನ್‌ಗೆ ಲಿಖಿತ ಸೂಚನೆ ಹೋಗುತ್ತದೆ. ಅಪಾಯ ಹೆಚ್ಚಾಗಿ ಕಾದಿರುವುದು ನೆಲದ ಮೇಲೆ, ಕಾದ ಟಾರಿನ ಪಕ್ಕ ಪೆಟ್ಟಿಗೆ ಸರದಿಗೆ ಕಾಯುವಾಗ. ಅಮೆರಿಕದ ಕಾನೂನು 29.5 ಡಿಗ್ರಿ ಸೆಲ್ಸಿಯಸ್ ಮೀರಿದ ಬಿಸಿಯಲ್ಲಿ ನಾಯಿಯನ್ನು ಹೀಗೆ 45 ನಿಮಿಷಕ್ಕಿಂತ ಹೆಚ್ಚು ಹೊತ್ತು ಇಡಕೂಡದು ಎನ್ನುತ್ತದೆ. ಆ ಲೆಕ್ಕಕ್ಕೆ ಏಪ್ರಿಲ್ಲಿನ ಬೆಂಗಳೂರಿನ ಮಧ್ಯಾಹ್ನವೂ ನಪಾಸು. ನಾಯಿ ಬೆವರುವುದಕ್ಕಿಂತ ಏದುಸಿರಿನಿಂದಲೇ ಮೈ ತಣಿಸಿಕೊಳ್ಳುತ್ತದೆ. ಮೂಗೇ ಮೊಟಕಾಗಿರುವ ಪಗ್, ಬುಲ್‌ಡಾಗ್‌ಗಳಿಗೆ ಅದೂ ಕಷ್ಟ. ಹಚ್ ಮೊಬೈಲ್ ಕಂಪನಿಯ ಜಾಹೀರಾತು ನೋಡಿ ನಮ್ಮ ಮಧ್ಯಮ ವರ್ಗ ಮನೆಗೆ ತಂದ ಪಗ್ ಇವತ್ತು ಹಲವು ವಿಮಾನ ಸಂಸ್ಥೆಗಳ ಹೊಟ್ಟೆಭಾಗಕ್ಕೆ ಬೇಡವಾದ ಅತಿಥಿ. ದಾರಿಯುದ್ದಕ್ಕೂ ಮಲಗಿರಲಿ ಎಂದು ನಿದ್ದೆಯ ಮಾತ್ರೆ ಕೊಡುವುದು ಇನ್ನೂ ಕೆಟ್ಟದ್ದು. ರಕ್ತದೊತ್ತಡ ಇಳಿದು, ಮೈ ಮೇಲಿನ ಹತೋಟಿ ತಪ್ಪುತ್ತದೆ.

ಪೆಟ್ಟಿಗೆ ಸಿದ್ಧವಾದರೂ ನಾಯಿಯನ್ನು ತಡೆದು ನಿಲ್ಲಿಸುವುದು ರೇಬಿಸ್. ಬ್ರಿಟನ್ ಹೊರಗಿನ ನಾಯಿಗಳನ್ನು ದಶಕಗಳ ಕಾಲ ಆರು ತಿಂಗಳು ಕ್ವಾರಂಟೈನ್‌ನಲ್ಲಿ ಕೂಡಿಹಾಕುತ್ತಿತ್ತು. 2000ದ ಫೆಬ್ರುವರಿ 28ರಂದು ಐರೋಪ್ಯ ದೇಶಗಳ ನಾಯಿಗಳಿಗೆ ಬಾಗಿಲು ತೆರೆಯಿತು. 2012ರಿಂದ ಭಾರತದಂಥ ದೇಶಗಳ ನಾಯಿಗಳಿಗೂ ಮೈಕ್ರೋಚಿಪ್, ಲಸಿಕೆ, ರಕ್ತಪರೀಕ್ಷೆ, ಆಮೇಲೆ ಮೂರು ತಿಂಗಳ ಕಾಯುವಿಕೆ ಎಂದಾಯಿತು. ರಕ್ತದಲ್ಲಿ ರೇಬಿಸ್ ಪ್ರತಿಕಾಯ ಮಿಲಿಲೀಟರಿಗೆ ಕನಿಷ್ಠ 0.5 ಯೂನಿಟ್ ಇರಬೇಕು. ಏಜೆಂಟರು ಇದನ್ನು ಟೈಟರ್ ಟೆಸ್ಟ್ ಎನ್ನುತ್ತಾರೆ. ಜಾಗತಿಕ ಪ್ರಾಣಿ ಆರೋಗ್ಯ ಸಂಸ್ಥೆಯ ರೇಬಿಸ್ ಉಲ್ಲೇಖ ಪ್ರಯೋಗಾಲಯವೊಂದು ಬೆಂಗಳೂರಿನ ಹೆಬ್ಬಾಳದ ಪಶುವೈದ್ಯ ಕಾಲೇಜಿನಲ್ಲೇ ಇರುವುದನ್ನು ಇಲ್ಲಿ ನೆನೆಯಬಹುದು. ರೋಗವೂ ನಮ್ಮಲ್ಲಿದೆ, ಅದನ್ನು ಬಲ್ಲವರೂ ನಮ್ಮಲ್ಲಿದ್ದಾರೆ.

ಅಮೆರಿಕ 2021ರ ಜುಲೈನಲ್ಲಿ ಭಾರತವೂ ಸೇರಿ ನೂರಕ್ಕೂ ಹೆಚ್ಚು ದೇಶಗಳ ನಾಯಿಗಳಿಗೆ ತಡೆ ಹಾಕಿತು. 2024ರ ಆಗಸ್ಟ್‌ನಿಂದ ನಿಯಮ ಬದಲಾಗಿದೆ. ನಾಯಿಗೆ ಆರು ತಿಂಗಳು ತುಂಬಿರಬೇಕು, ಭಾರತದಲ್ಲಿ ಲಸಿಕೆ ಹಾಕಿಸಿದ್ದರೆ ಬೆರಳೆಣಿಕೆಯ ವಿಮಾನ ನಿಲ್ದಾಣಗಳಲ್ಲಷ್ಟೇ ಇಳಿಯಬೇಕು. ಆ ಪಟ್ಟಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಇಲ್ಲ. ಸಿಲಿಕಾನ್ ಕಣಿವೆಗೆ ಹೊರಟ ಕನ್ನಡಿಗರ ನಾಯಿ ಲಾಸ್ ಏಂಜಲೀಸ್‌ನಂಥ ಬೇರೊಂದು ನಿಲ್ದಾಣ ಸುತ್ತಿಕೊಂಡೇ ಹೋಗಬೇಕು.

ಮೇಲೆ, ಕ್ಯಾಬಿನ್ನಿನಲ್ಲಿ ನಡೆದದ್ದು ಬೇರೆ ನಾಟಕ. ಅಂಗವಿಕಲರ ಸೇವಾನಾಯಿಗೆ ಅಮೆರಿಕ ಕೊಟ್ಟಿದ್ದ ಹಕ್ಕು ನಿಧಾನವಾಗಿ ‘ಮಾನಸಿಕ ನೆಮ್ಮದಿಯ ಪ್ರಾಣಿ’ಗಳಿಗೂ ಹಬ್ಬಿತು. 2018ರ ಜನವರಿಯಲ್ಲಿ ನ್ಯೂಆರ್ಕ್ ನಿಲ್ದಾಣಕ್ಕೆ ಒಬ್ಬರು ನವಿಲನ್ನೇ ತಂದರು. ಯುನೈಟೆಡ್ ಸಂಸ್ಥೆ ಹತ್ತಿಸಲಿಲ್ಲ. ಮಾರ್ಚಿನಲ್ಲಿ ಅದೇ ಸಂಸ್ಥೆಯ ವಿಮಾನದಲ್ಲಿ ಸಿಬ್ಬಂದಿಯ ಒತ್ತಾಯಕ್ಕೆ ಚೀಲ ಸಮೇತ ಮೇಲಿನ ಲಗೇಜು ಗೂಡಿಗೆ ಸೇರಿದ ಫ್ರೆಂಚ್ ಬುಲ್‌ಡಾಗ್ ಮರಿ ಅಲ್ಲೇ ಸತ್ತಿತು. 2021ರ ಜನವರಿಯಿಂದ ಆ ವಿಶೇಷ ಹಕ್ಕು ತರಬೇತಿ ಪಡೆದ ಸೇವಾನಾಯಿಗಳಿಗಷ್ಟೇ ಉಳಿಯಿತು. ನವಿಲಿನ ತಮಾಷೆಗೆ ಬೆಲೆ ತೆತ್ತವರಲ್ಲಿ ನಿಜಕ್ಕೂ ನಾಯಿಯ ಆಸರೆ ಬೇಕಿದ್ದವರೂ ಇದ್ದರು.

ನಮ್ಮಲ್ಲಿ ಏರ್ ಇಂಡಿಯಾ ಮೊದಲಿನಿಂದ ಪ್ರಾಣಿಗಳನ್ನು ಒಯ್ಯುತ್ತಿತ್ತು. 2022ರ ನವೆಂಬರಿನಲ್ಲಿ ಆಕಾಸಾ ಏರ್ ಕೂಡ ಶುರುಮಾಡಿತು. ಕ್ಯಾಬಿನ್ನಿಗೆ ಚೀಲವೂ ಸೇರಿ ಮೊದಲು 7 ಕಿಲೋ, ಮುಂದೆ 10. ದೇಶದ ಅತಿದೊಡ್ಡ ಸಂಸ್ಥೆ ಇಂಡಿಗೋ ಸೇವಾನಾಯಿಗಳನ್ನು ಬಿಟ್ಟು ಉಳಿದವಕ್ಕೆ ಒಲ್ಲೆ ಎನ್ನುತ್ತದೆ.

ಲಂಡನ್ನಿಗೆ ಹೊರಟರೆ ಇದ್ಯಾವುದೂ ಉಪಯೋಗಕ್ಕಿಲ್ಲ. ಬ್ರಿಟನ್ನಿಗೆ ವಿಮಾನದಲ್ಲಿ ಬರುವ ನಾಯಿ, ಅದು ಅಂಗೈಯಗಲದ ಚಿವಾವಾ ಆದರೂ, ಸೇವಾನಾಯಿ ಅಲ್ಲದಿದ್ದರೆ ಸರಕಾಗಿಯೇ ಬರಬೇಕು. ಬಲ್ಲವರು ಪ್ಯಾರಿಸ್‌ವರೆಗೆ ಸೀಟಿನ ಕೆಳಗೆ ಕೂರಿಸಿಕೊಂಡು ಹೋಗುತ್ತಾರೆ. ಅಲ್ಲಿ ಪಶುವೈದ್ಯರಿಂದ ಲಾಡಿಹುಳದ ಔಷಧಿ ಹಾಕಿಸಿ, 24 ಗಂಟೆ ಕಳೆದ ಮೇಲೆ ಟ್ಯಾಕ್ಸಿ ಹಿಡಿದು ಫ್ರಾನ್ಸಿನ ಕಡಲ ದಂಡೆಯ ಕ್ಯಾಲೇ ಪಟ್ಟಣಕ್ಕೆ ಬರುತ್ತಾರೆ. ಅಧಿಕಾರಿ ಮೈಕ್ರೋಚಿಪ್ ಓದಿ ಕಳಿಸಿದರೆ ಕಾರು ಸಮೇತ ಸುರಂಗ ರೈಲಿಗೆ. ಕಡಲಡಿಯ 35 ನಿಮಿಷದ ಆ ಹಾದಿಯಲ್ಲಿ ಸರಕೂ ಅಲ್ಲ, ಪೆಟ್ಟಿಗೆಯೂ ಬೇಡ. ನಾಯಿ ಹಿಂದಿನ ಸೀಟಿನಲ್ಲಿ ಕೂತಿರುತ್ತದೆ.