ಕಣಜ, ದುಂಬಿ, ಹೆಜ್ಜೇನು: ಗೂಡು ನೋಡಿ ಗುರುತು ಹಿಡಿಯೋಣ

ಜಹೀರಾಬಾದ್, ನಾರಾಯಣಖೇಡ್ ಮತ್ತು ತಾಂಡೂರಿನ ಸದಸ್ಯ ಬಾಂಧವರೇ,

ಕಳೆದ ರಾಜ್ಯೋತ್ಸವದ ಹಿಂದಿನ ದಿನ ನಡೆದದ್ದು ಬಹಳ ಜನರಿಗೆ ಗೊತ್ತಿದೆ. ಸಭೆಯ ಜಾಗದಲ್ಲಿ ಗೋಡೆಗೆ ಅಂಟಿದ್ದ ಮಣ್ಣಿನ ಗೂಡುಗಳನ್ನು ನೋಡಿ ನಾವೇ ಹುಡುಗರಿಗೆ ಹೇಳಿ ಕೆಡವಿಸಿದೆವು, ಹುಳದ ಔಷಧಿಯನ್ನೂ ಹೊಡೆಸಿದೆವು. ಇನ್ನು ಭಯವಿಲ್ಲ ಅಂದುಕೊಂಡೆವು. ಮಧ್ಯಾಹ್ನ ಶಾಮಿಯಾನದ ಗೂಟ ಬಡಿಯುವಾಗ ಹಿಂದಿನ ಹಳೆಯ ಕಲ್ಲುಗೋಡೆಯ ಬುಡದಲ್ಲಿದ್ದ ತೂತಿನಿಂದ ದೊಡ್ಡ ಕಣಜಗಳು ಎದ್ದವು. ಹತ್ತಿರ ಕೂತಿದ್ದ ನಮ್ಮ ಹಿರಿಯ ಸದಸ್ಯರೊಬ್ಬರಿಗೆ ಕುತ್ತಿಗೆಗೂ ಕೈಗೂ ಕಡಿದವು. ನಾವು ಸುಣ್ಣ, ಅರಿಶಿಣ ಹಚ್ಚುತ್ತ ಅರ್ಧ ಗಂಟೆ ಕಳೆದೆವು. ಅವರ ತುಟಿ ಊದಿ, ಉಸಿರು ಕಟ್ಟಿದ ಮೇಲೆ ಆಸ್ಪತ್ರೆಗೆ ಓಡಿದೆವು. ಅಲ್ಲಿ ಒಬ್ಬರು 'ತೇನೆಟೀಗ' ಎಂದರು, ಇನ್ನೊಬ್ಬರು 'ಕಂದಿರೀಗ' ಎಂದರು, ಮತ್ತೊಬ್ಬರು 'ಭಿಡ್' ಎಂದರು. ಡಾಕ್ಟರು ಜೇನಿನ ಮುಳ್ಳು ಹುಡುಕಿದರು, ಸಿಗಲಿಲ್ಲ. ದೇವರ ದಯೆ, ಇಂಜೆಕ್ಷನ್ ಕೊಟ್ಟ ಮೇಲೆ ಚೇತರಿಸಿಕೊಂಡರು.

ತಪ್ಪು ನಮ್ಮದೇ. ಏನೂ ಮಾಡದ ಹುಳವನ್ನು ಕೊಂದೆವು, ಅಪಾಯದ ಹುಳವನ್ನು ನೋಡಲೇ ಇಲ್ಲ. ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ತೆಲುಗು, ಬಸ್‌ಸ್ಟ್ಯಾಂಡಿನಲ್ಲಿ ಉರ್ದು ಆಡುವ ನಮಗೆ ಹೆಸರುಗಳಿಗೇನೂ ಕಡಿಮೆಯಿಲ್ಲ. ಆದರೆ ಒಂದೇ ಹೆಸರನ್ನು ನಾಲ್ಕು ಹುಳಕ್ಕೆ ಇಡುತ್ತೇವೆ. ಹಾರುವ ಹುಳದ ಬಣ್ಣ, ಪಟ್ಟೆ ನೋಡುವಷ್ಟು ಹೊತ್ತು ಅದು ನಿಲ್ಲುವುದೂ ಇಲ್ಲ. ಗೂಡು ಮಾತ್ರ ಇದ್ದಲ್ಲೇ ಇರುತ್ತದೆ. ಆದ್ದರಿಂದ ದೂರ ನಿಂತು ಮೊದಲು ಗೂಡು ನೋಡುವುದು ಒಳ್ಳೆಯದು.

1. ಮಣ್ಣಿನ ಗೂಡು. ಗೋಡೆ, ಕಿಟಕಿ ಚೌಕಟ್ಟು, ದೇವರ ಫೋಟೋದ ಹಿಂದೆ ಒಣಮಣ್ಣಿನ ಮುದ್ದೆಯಂತೆ ಅಥವಾ ಪುಟ್ಟ ಮಡಕೆಯಂತೆ ಇರುತ್ತದೆ. ಕಟ್ಟುವುದು ದಾರದಂಥ ಸಣ್ಣ ನಡುವಿನ ಕುಂಬಾರ ಹುಳ. ಇದು ಒಂಟಿ ಜೀವ, ಗೂಡು ಕಾಯುವ ಸೈನ್ಯವಿಲ್ಲ. ಕೈಯಲ್ಲಿ ಹಿಡಿದು ಅದುಮಿದರೆ ಹೊರತು ಕಡಿಯುವುದಿಲ್ಲ. 'ಭ್ರಮರ ಕೀಟ ನ್ಯಾಯ' ಎಂದು ಹಿರಿಯರ ಪ್ರವಚನದಲ್ಲಿ ಕೇಳಿದ್ದೇವೆ. ಭ್ರಮರವು ಹುಳುವನ್ನು ಗೂಡಿನಲ್ಲಿಟ್ಟು ಗುಂಯ್‌ಗುಟ್ಟಿ ತನ್ನಂತೆಯೇ ಮಾಡಿಕೊಳ್ಳುತ್ತದೆ ಎಂಬ ಮಾತು ಅದು. ನಿಜವಾಗಿ ಒಳಗೆ ನಡೆಯುವುದೇ ಬೇರೆ. ತಾಯಿ ಹುಳ ಕಂಬಳಿಹುಳುವನ್ನೋ ಜೇಡವನ್ನೋ ಚುಚ್ಚಿ ಅಲುಗಾಡದಂತೆ ಮಾಡಿ ಒಳಗಿಡುತ್ತದೆ. ಜೊತೆಗೆ ತನ್ನ ಮೊಟ್ಟೆ ಇಟ್ಟು ಬಾಯಿ ಮುಚ್ಚುತ್ತದೆ. ಮೊಟ್ಟೆಯಿಂದ ಬಂದ ಮರಿ ಅದನ್ನು ತಿಂದು ಬೆಳೆದು ಹೊರಬರುತ್ತದೆ. ಹೀಗೆ ಹಿಡಿದು ತರುವ ಹುಳುಗಳಲ್ಲಿ ತೊಗರಿಯ ಕಾಯಿಕೊರಕವೂ ಸೇರಿದೆ. ತಾಂಡೂರಿನ ತೊಗರಿ ಬೆಳೆಗಾರ ಸದಸ್ಯರು ಇದನ್ನು ಗಮನಿಸಬೇಕು. ಗೂಡು ಕೆಡವಲೇಬೇಕಿದ್ದರೆ ತೂತು ಬಿದ್ದ ಹಳೆಯದನ್ನು ಮಾತ್ರ ಕೆಡವಿರಿ, ಮರಿ ಆಗಲೇ ಹೋಗಿರುತ್ತದೆ.

2. ಮರದಲ್ಲಿ ದುಂಡನೆಯ ತೂತು. ತೊಲೆ, ಬಾಗಿಲು, ಬಿದಿರಿನಲ್ಲಿ ಕೊರೆದಂತೆ ದುಂಡು ತೂತು, ಕೆಳಗೆ ಮರದ ಪುಡಿ. ಇದು ದುಂಬಿಯ ಮನೆ, ಗುಂಗಿ ಹುಳ ಎನ್ನುವವರೂ ಇದ್ದಾರೆ. ಕಪ್ಪಗೆ, ದಪ್ಪಗೆ, ದೊಡ್ಡ ಸದ್ದು ಮಾಡುತ್ತ ಮುಖದ ಹತ್ತಿರ ಬರುವುದರಿಂದ ಮಕ್ಕಳು ಹೆದರುತ್ತಾರೆ. ಗಂಡು ದುಂಬಿಗೆ ಕೊಂಡಿಯೇ ಇಲ್ಲ, ಹೆಣ್ಣು ಹಿಡಿದರೆ ಮಾತ್ರ ಚುಚ್ಚುತ್ತದೆ. ತೊಗರಿ ಹೂವಿಗೆ ಇದು ಬೇಕಾದ ಅತಿಥಿ. ಮರಕ್ಕೆ ಬಣ್ಣ ಬಳಿದಿದ್ದರೆ ಅಲ್ಲಿ ಕೊರೆಯುವುದು ಕಡಿಮೆ.

3. ಕಾಗದದಂಥ ತೆರೆದ ಗೂಡು. ಸಜ್ಜೆಯ ಕೆಳಗೆ, ಮೀಟರ್ ಡಬ್ಬಿಯಲ್ಲಿ, ಸಣ್ಣ ತೊಟ್ಟಿನಿಂದ ನೇತಾಡುತ್ತದೆ. ಕೆಳಗಿನಿಂದ ನೋಡಿದರೆ ಆರು ಮೂಲೆಯ ಕೋಣೆಗಳು ಕಾಣುತ್ತವೆ. ಮರವನ್ನು ಅಗಿದು ಎಂಜಲಿನಲ್ಲಿ ಕಲಸಿ ಕಟ್ಟಿದ ಕಾಗದ ಅದು. ಇವು ಅರ್ಧ ಇಂಚಿನ ಆಸುಪಾಸಿನ ಕಣಜಗಳು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಾಘವೇಂದ್ರ ಗದಗಕರ್ ಅವರು ಇಂಥದ್ದೇ ಒಂದು ಜಾತಿಯ ಸಂಸಾರವನ್ನು ದಶಕಗಳ ಕಾಲ ಅಭ್ಯಾಸ ಮಾಡಿ 2001ರಲ್ಲಿ ಅದರ ಮೇಲೆ ದೊಡ್ಡ ಪುಸ್ತಕವನ್ನೇ ಪ್ರಕಟಿಸಿದರು. ಆ ಗೂಡಿನ ರಾಣಿ ಜಗಳಗಂಟಿಯಲ್ಲ, ಬಹಳ ಸಾಧು ಎಂಬುದು ಅವರು ಕಂಡ ಸಂಗತಿ. ಆದರೂ ಗೂಡು ಮುಟ್ಟಿದರೆ ಮನೆಯವರೆಲ್ಲ ಎದ್ದು ಬರುತ್ತಾರೆ. ಓಡಾಡುವ ದಾರಿಯಲ್ಲಿ ಇಲ್ಲದಿದ್ದರೆ ಬಿಟ್ಟುಬಿಡಿ.

4. ಗೂಡು ಕಾಣದು, ತೂತಿಗೆ ಸಂಚಾರ ಕಾಣುತ್ತದೆ. ನಮ್ಮನ್ನು ಕಾಡಿದ್ದು ಇದೇ. ಸುಮಾರು ಒಂದು ಇಂಚಿನ ದೊಡ್ಡ ಕಣಜಗಳಲ್ಲಿ ಕೆಲವು ನೆಲದ ಬಿಲ, ಗೋಡೆಯ ಪೊಳ್ಳು, ಕಲ್ಲು ಬಂಡೆಗಳ ಸಂದಿಯಲ್ಲಿ ಮನೆ ಮಾಡುತ್ತವೆ. ಒಂದು ಜಾತಿ ಕೆಂಗಂದು ಬಣ್ಣದ್ದು, ಮುಖವೂ ಹೊಟ್ಟೆಯ ಪಟ್ಟೆಯೂ ಹಳದಿ. ಇನ್ನೊಂದು ಕಪ್ಪು, ಹೊಟ್ಟೆಗೆ ಒಂದೇ ಅಗಲವಾದ ಹಳದಿ ಪಟ್ಟೆ. ಈ ಎರಡನೆಯದು ಮೇಲೆ ಹೇಳಿದ ಸಣ್ಣ ಕಣಜಗಳ ಗೂಡಿಗೆ ನುಗ್ಗಿ ಮರಿಗಳನ್ನು ತಿನ್ನುತ್ತದೆ. ನೆಲದ ಅದುರು ಇವಕ್ಕೆ ಆಗದು. ಇವುಗಳ ಕೊಂಡಿ ನಮ್ಮ ಮೈಯಲ್ಲಿ ಉಳಿಯುವುದಿಲ್ಲ, ಒಂದೇ ಹುಳ ಮತ್ತೆ ಮತ್ತೆ ಚುಚ್ಚಬಲ್ಲದು. ತೂತಿಗೆ ಕಲ್ಲು ತುರುಕುವುದು, ಬೆಂಕಿ ಇಡುವುದು, ನೀರು ಬಿಡುವುದು ಬೇಡ. ಪಂಚಾಯಿತಿ ಅಥವಾ ಪುರಸಭೆಗೆ ತಿಳಿಸಿ, ಗೊತ್ತಿದ್ದವರನ್ನು ಕರೆಸಿ.

5. ಒಂದೇ ದೊಡ್ಡ ಹಲಗೆ. ನೀರಿನ ಟ್ಯಾಂಕು, ಎತ್ತರದ ಮರ, ಕಟ್ಟಡದ ಅಂಚಿನಲ್ಲಿ ಕಪ್ಪಗೆ ಜೋತುಬಿದ್ದದ್ದು ಹೆಜ್ಜೇನು. ಹೊಗೆ, ಕಲ್ಲು, ಪಟಾಕಿಯಿಂದ ಕೆರಳುತ್ತವೆ, ಗುಂಪಾಗಿ ಬೆನ್ನಟ್ಟುತ್ತವೆ. ಮುಖ ಮುಚ್ಚಿಕೊಂಡು ಓಡಿ ಮನೆ ಅಥವಾ ವಾಹನದ ಒಳಗೆ ಸೇರಿ ಬಾಗಿಲು ಹಾಕಿಕೊಳ್ಳಿ.

ಕಡಿದರೆ ಏನು ಮಾಡಬೇಕು? ಜೇನು ಕಡಿದಿದ್ದರೆ ಮುಳ್ಳು ಚರ್ಮದಲ್ಲಿ ಉಳಿದು ವಿಷ ಇಳಿಸುತ್ತಲೇ ಇರುತ್ತದೆ. ಉಗುರಿನಿಂದ ಕೆರೆದು ಕೂಡಲೇ ತೆಗೆಯಿರಿ, ಚಿಮಟ ಹುಡುಕುತ್ತ ಕೂಡಬೇಡಿ. ಕಣಜವಾದರೆ ತೆಗೆಯಲು ಏನೂ ಇರುವುದಿಲ್ಲ. ಎರಡಕ್ಕೂ ಸೋಪು ನೀರಿನಲ್ಲಿ ತೊಳೆದು ತಣ್ಣೀರು ಬಟ್ಟೆ ಒತ್ತಿರಿ. ಕೈಗೆ ಕಡಿದಿದ್ದರೆ ಉಂಗುರ, ಬಳೆ ಬಿಚ್ಚಿರಿ. ಸುಣ್ಣ ಬೇಡ, ಚರ್ಮ ಸುಡುತ್ತದೆ.

ತುಟಿ, ರೆಪ್ಪೆ, ನಾಲಿಗೆ ಊದಿದರೆ, ಮೈಯೆಲ್ಲ ದದ್ದು ಎದ್ದರೆ, ಉಸಿರು ಕಟ್ಟಿದರೆ, ವಾಂತಿ, ತಲೆಸುತ್ತು ಬಂದರೆ ಅದು ಅಲರ್ಜಿ. ನಿಮಿಷಗಳ ಲೆಕ್ಕ. ಆಗ ಬೇಕಾದದ್ದು ತೊಡೆಗೆ ಕೊಡುವ ಅಡ್ರಿನಾಲಿನ್ ಇಂಜೆಕ್ಷನ್. ಗಡಿಯ ಈಚೆಗೂ ಆಚೆಗೂ ಆಂಬುಲೆನ್ಸ್ ಸಂಖ್ಯೆ 108. ಬಾಯಿ, ಗಂಟಲೊಳಗೆ ಕಡಿದರೂ, ಬಹಳ ಹುಳ ಒಟ್ಟಿಗೆ ಕಡಿದರೂ ಕಾಯದೆ ಹೋಗಿ. ಬಹಳ ಕಡಿದಾಗ ಆಮೇಲೆ ಮೂತ್ರ ಕಡಿಮೆಯಾದರೆ ಅಥವಾ ಕೆಂಪು, ಕಂದು ಬಣ್ಣಕ್ಕೆ ತಿರುಗಿದರೆ ಮತ್ತೆ ಆಸ್ಪತ್ರೆಗೆ ಹೋಗಲೇಬೇಕು, ಮೂತ್ರಪಿಂಡಕ್ಕೆ ಪೆಟ್ಟು ಬಿದ್ದಿರಬಹುದು.

ಮಳೆಗಾಲ ಮುಗಿಯುವ ಹೊತ್ತಿಗೆ ಕಣಜದ ಗೂಡಿನಲ್ಲಿ ಹುಳ ಹೆಚ್ಚು. ನಮ್ಮ ರಾಜ್ಯೋತ್ಸವವೂ ಅದೇ ಕಾಲಕ್ಕೆ ಬರುತ್ತದೆ. ಆದ್ದರಿಂದ ಈ ಸಲದಿಂದ ಗೂಟ ಬಡಿಯುವ ಮುಂಚೆ ಇಬ್ಬರು ಸದಸ್ಯರು ಹಗಲಿನಲ್ಲಿ ಜಾಗದ ಸುತ್ತ ನಿಧಾನವಾಗಿ ನಡೆದು, ಗೋಡೆಯ ಬುಡ, ಸಜ್ಜೆ, ಮರ, ಟ್ಯಾಂಕು ನೋಡಿ ಹೇಳುವುದೆಂದು ಕಾರ್ಯಕಾರಿ ಸಮಿತಿ ತೀರ್ಮಾನಿಸಿದೆ. ಮೂರೂ ಊರಿನ ಶಾಖೆಗಳು ಇದನ್ನು ಪಾಲಿಸಬೇಕೆಂದು ಕೋರುತ್ತೇವೆ.

ಒಮ್ಮೆ ಹೀಗೆ ಅಲರ್ಜಿಯಾದವರಿಗೆ ಇನ್ನೊಮ್ಮೆ ಕಡಿದರೆ ಹೆಚ್ಚಾಗಬಹುದು ಎಂದು ಡಾಕ್ಟರು ನಮ್ಮ ಹಿರಿಯರಿಗೆ ಎಚ್ಚರಿಸಿದ್ದಾರೆ. ಆದರೂ ಈ ವರ್ಷ ಬಂದೇ ಬರುತ್ತೇನೆ ಎಂದಿದ್ದಾರೆ. ಅವರ ಕುರ್ಚಿಯನ್ನು ಗೋಡೆಯಿಂದ ದೂರ, ಮುಂದಿನ ಸಾಲಿನಲ್ಲಿ ಹಾಕುತ್ತೇವೆ.

ಕಾರ್ಯದರ್ಶಿ