ವಿಪತ್ತು ಚೇತರಿಕೆ ವೃತ್ತಿ: ಸಂಬಳ ಏರುವುದು ಯಾವುದರಿಂದ?

2022ರ ಸೆಪ್ಟೆಂಬರ್ ಮೊದಲ ವಾರವನ್ನು ಹಿರಿಯೂರು ತಾಲ್ಲೂಕಿನ ಜನ ಮರೆತಿಲ್ಲ. 1933ರ ನಂತರ, ಅಂದರೆ 89 ವರ್ಷಗಳ ಬಳಿಕ, ವಾಣಿವಿಲಾಸ ಸಾಗರ ಕೋಡಿ ಬಿತ್ತು. ಹೆಚ್ಚು ಕಡಿಮೆ ಅದೇ ದಿನಗಳಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆ ಮಳೆನೀರಿನಲ್ಲಿ ಮುಳುಗಿತ್ತು. ಆಗಸ್ಟ್ 30ರ ಒಂದೇ ದಿನ ನೌಕರರು ಗಂಟೆಗಟ್ಟಲೆ ರಸ್ತೆಯಲ್ಲಿ ಸಿಲುಕಿ 225 ಕೋಟಿ ರೂಪಾಯಿ ನಷ್ಟವಾಯಿತು ಎಂದು ಅಲ್ಲಿನ ಕಂಪನಿಗಳ ಸಂಘ ಮುಖ್ಯಮಂತ್ರಿಗೆ ಪತ್ರ ಬರೆಯಿತು.

1907ರಲ್ಲಿ ಪೂರ್ಣಗೊಂಡ ಮಾರಿಕಣಿವೆ ಅಣೆಕಟ್ಟಿನ ಕೋಡಿಯಲ್ಲಿ ಒಂದು ತಲೆಮಾರಿಗೂ ಹೆಚ್ಚು ಕಾಲ ನೀರು ಹರಿಯಲಿಲ್ಲ. ಹಾಗೆಂದು ಅದು ಬೇಡವೆಂದು ಯಾರೂ ಮುಚ್ಚಲಿಲ್ಲ. ಬ್ಯಾಂಕು, ಷೇರುಪೇಟೆ, ವಿಮಾನಯಾನ ಮತ್ತು ಸಾಫ್ಟ್‌ವೇರ್ ಸಂಸ್ಥೆಗಳಲ್ಲಿಯೂ ಇಂಥ ಕೋಡಿಯನ್ನು ಕಟ್ಟಿ ಕಾಯುವ ವೃತ್ತಿಯೊಂದಿದೆ. ಅದಕ್ಕೆ ವಿಪತ್ತು ಚೇತರಿಕೆ ಮತ್ತು ವ್ಯವಹಾರ ನಿರಂತರತೆ ಎಂದು ಹೆಸರು. ಕಚೇರಿಗಳಲ್ಲಿ ಡಿಆರ್, ಬಿಸಿಪಿ ಎಂದರೆ ಎಲ್ಲರಿಗೂ ತಿಳಿಯುತ್ತದೆ. ಜವನಗೊಂಡನಹಳ್ಳಿಯಂತಹ ಊರುಗಳಿಂದ ಹೆದ್ದಾರಿ ಹಿಡಿದು ಬೆಂಗಳೂರಿಗೆ ಹೋಗುವ ಯುವಕ ಯುವತಿಯರಿಗೆ ಈಗ ಈ ಕೆಲಸದ ಜಾಹೀರಾತುಗಳು ಕಾಣಿಸುತ್ತಿವೆ. ದೊಡ್ಡ ಸಂಬಳದ ಭರವಸೆ ಕೊಟ್ಟು ತರಬೇತಿ ಶುಲ್ಕ ಕೇಳುವವರೂ ಇದ್ದಾರೆ. ಸಾಲ ಮಾಡಿ ಹಣ ಕಟ್ಟುವ ಮೊದಲು ಈ ವೃತ್ತಿಯಲ್ಲಿ ಸಂಬಳ ಹೇಗೆ ನಿಗದಿಯಾಗುತ್ತದೆ ಎಂಬುದನ್ನು ತಂದೆತಾಯಿಯರೂ ಮಕ್ಕಳೂ ಅರಿತಿರುವುದು ಒಳ್ಳೆಯದು.

ಕೆಲಸ ಏನು?

ಇದರಲ್ಲಿ ಎರಡು ಭಾಗಗಳಿವೆ. ಮೊದಲನೆಯದು ತಾಂತ್ರಿಕ ಕೆಲಸ. ಮುಖ್ಯ ದತ್ತಾಂಶ ಕೇಂದ್ರ ಕೆಟ್ಟರೆ ಬೇರೆ ಊರಿನಲ್ಲಿರುವ ಎರಡನೆಯ ಕೇಂದ್ರದಿಂದ ಅದೇ ಸೇವೆಯನ್ನು ನಡೆಸುವುದು. ಇಸ್ರೋ ಇದನ್ನೇ ಮಾಡಿದೆ. ಹಾಸನದ ಮುಖ್ಯ ನಿಯಂತ್ರಣ ಕೇಂದ್ರ 1982ರಿಂದ ಉಪಗ್ರಹಗಳನ್ನು ನೋಡಿಕೊಳ್ಳುತ್ತಿದ್ದರೆ, 2005ರಲ್ಲಿ ಭೋಪಾಲದಲ್ಲಿ ಅದಕ್ಕೆ ಜೊತೆಯಾಗಿ ಇನ್ನೊಂದು ಕೇಂದ್ರ ಆರಂಭವಾಯಿತು. ಎರಡನೆಯದು ವ್ಯವಹಾರದ ಕೆಲಸ. ಕಚೇರಿಗೆ ಯಾರೂ ಬರಲಾಗದಿದ್ದರೆ ಯಾವ ಕೆಲಸ ಮೊದಲು ನಡೆಯಬೇಕು, ಯಾರು ನಡೆಸಬೇಕು, ಯಾವುದು ಎರಡು ದಿನ ನಿಂತರೂ ನಡೆಯುತ್ತದೆ ಎಂಬುದನ್ನು ಲೆಕ್ಕ ಹಾಕಿ ಬರೆದಿಡುವುದು.

ಈ ವೃತ್ತಿಯಲ್ಲಿ ಎರಡು ಅಳತೆಗಳು ಮುಖ್ಯ. ಒಂದು ಆರ್‌ಟಿಒ. ಇದು ಸಾರಿಗೆ ಕಚೇರಿಯಲ್ಲ, ನಿಂತ ಸೇವೆ ಎಷ್ಟು ಹೊತ್ತಿನೊಳಗೆ ಮತ್ತೆ ಶುರುವಾಗಬೇಕು ಎಂಬ ಗಡುವು. ಇನ್ನೊಂದು ಆರ್‌ಪಿಒ. ಎಷ್ಟು ಹೊತ್ತಿನ ಲೆಕ್ಕಪತ್ರ ಕಳೆದುಹೋದರೆ ಸಂಸ್ಥೆ ತಡೆದುಕೊಳ್ಳಬಲ್ಲದು ಎಂಬ ಮಿತಿ. ದಿನಕ್ಕೊಮ್ಮೆ ರಾತ್ರಿ ಅಂಗಡಿಯ ಲೆಕ್ಕವನ್ನು ಪೆನ್‌ಡ್ರೈವಿಗೆ ಹಾಕಿಕೊಳ್ಳುವ ವ್ಯಾಪಾರಿ ಒಂದು ದಿನದ ವಹಿವಾಟು ಕಳೆದುಕೊಳ್ಳಲು ಸಿದ್ಧನಿದ್ದಾನೆ ಎಂದರ್ಥ. ಬ್ಯಾಂಕಿಗೆ ಆ ಅವಕಾಶವಿಲ್ಲ. ಈ ಗಡುವು ಚಿಕ್ಕದಾದಷ್ಟೂ ಅದನ್ನು ಪಾಲಿಸಬಲ್ಲವರಿಗೆ ಬೆಲೆ ಹೆಚ್ಚು.

ಬೇಡಿಕೆ ತಂದದ್ದು ನಿಯಮ

ದೊಡ್ಡ ಅವಘಡವಾದಾಗ ಕೆಲವು ತಿಂಗಳು ಈ ವಿಷಯ ಎಲ್ಲರ ಬಾಯಲ್ಲಿರುತ್ತದೆ, ಆಮೇಲೆ ಮರೆಯುತ್ತದೆ. ಏನೂ ಆಗದ ವರ್ಷಗಳಲ್ಲಿ ಆಡಳಿತ ಮಂಡಳಿಗೆ ಇದು ದಂಡದ ಖರ್ಚಿನಂತೆ ಕಾಣಿಸುತ್ತದೆ. ಖರ್ಚು ಕಡಿತದ ಮಾತು ಬಂದಾಗ ಕತ್ತರಿ ಮೊದಲು ಬೀಳುವ ವಿಭಾಗಗಳಲ್ಲಿ ಇದೂ ಒಂದು. ಅವಘಡದ ಬಳಿಕ ನಿಯಂತ್ರಕರು ನಿಯಮ ಮಾಡಿದಾಗ ಮಾತ್ರ ಹುದ್ದೆ ಉಳಿಯುತ್ತದೆ, ಸಂಬಳಕ್ಕೆ ನೆಲೆ ಸಿಗುತ್ತದೆ. ಕಳೆದ ಕೆಲವು ವರ್ಷಗಳ ಘಟನೆಗಳು ಇದನ್ನು ತೋರಿಸುತ್ತವೆ.

2020ರ ನವೆಂಬರ್ 21ರಂದು ಎಚ್‌ಡಿಎಫ್‌ಸಿ ಬ್ಯಾಂಕಿನ ಮುಖ್ಯ ದತ್ತಾಂಶ ಕೇಂದ್ರದಲ್ಲಿ ವಿದ್ಯುತ್ ಕೈಕೊಟ್ಟು ಡಿಜಿಟಲ್ ಸೇವೆ ನಿಂತಿತು. ಡಿಸೆಂಬರ್ 2ರಂದು ರಿಸರ್ವ್ ಬ್ಯಾಂಕ್, ಹೊಸ ಡಿಜಿಟಲ್ ಸೇವೆ ಆರಂಭಿಸುವುದನ್ನೂ ಹೊಸ ಕ್ರೆಡಿಟ್ ಕಾರ್ಡ್ ಗ್ರಾಹಕರನ್ನು ಸೇರಿಸಿಕೊಳ್ಳುವುದನ್ನೂ ತಡೆಯಿತು. ಆ ನಿರ್ಬಂಧ ಪೂರ್ತಿಯಾಗಿ ತೆರವಾದದ್ದು 2022ರ ಮಾರ್ಚ್‌ನಲ್ಲಿ.

2021ರ ಫೆಬ್ರವರಿ 24ರಂದು ರಾಷ್ಟ್ರೀಯ ಷೇರುಪೇಟೆಯ ವಹಿವಾಟು ಬೆಳಿಗ್ಗೆ 11.40ಕ್ಕೆ ನಿಂತು, ಮಧ್ಯಾಹ್ನ 3.45ಕ್ಕೆ ಮತ್ತೆ ಶುರುವಾಯಿತು. ಮರುತಿಂಗಳೇ ಸೆಬಿ ನಿಯಮ ಬಿಗಿಗೊಳಿಸಿತು. ಅದರಂತೆ, ತೊಂದರೆ ಕಂಡ 30 ನಿಮಿಷದೊಳಗೆ ಅದನ್ನು ವಿಪತ್ತು ಎಂದು ಘೋಷಿಸಬೇಕು. ಘೋಷಿಸಿದ 45 ನಿಮಿಷದೊಳಗೆ ಎರಡನೆಯ ಕೇಂದ್ರದಿಂದ ಕೆಲಸ ಶುರುವಾಗಬೇಕು. 15 ನಿಮಿಷಕ್ಕಿಂತ ಹೆಚ್ಚಿನ ದತ್ತಾಂಶ ಕಳೆಯಬಾರದು.

ಸಂಬಳದ ದೃಷ್ಟಿಯಿಂದ ಆ ಸುತ್ತೋಲೆಯ ಇನ್ನೊಂದು ಅಂಶ ಹೆಚ್ಚು ಮುಖ್ಯ. ಎರಡನೆಯ ಕೇಂದ್ರದ ಸಿಬ್ಬಂದಿಗೆ ಮುಖ್ಯ ಕೇಂದ್ರದವರಷ್ಟೇ ಪರಿಣತಿ ಇರಬೇಕು, ಅಲ್ಲಿಯವರ ನೆರವಿಲ್ಲದೆ ಕೆಲಸ ನಡೆಸುವಂತಿರಬೇಕು ಎಂದು ಅದು ಹೇಳುತ್ತದೆ. ಅಂದರೆ ಕಡಿಮೆ ಸಂಬಳದ ಕಾವಲುಗಾರರನ್ನು ಕೂರಿಸಿ ಕೈತೊಳೆದುಕೊಳ್ಳುವಂತಿಲ್ಲ. 2024ರ ಮಾರ್ಚ್ 2ರ ಶನಿವಾರ ಷೇರುಪೇಟೆಗಳು ವಿಶೇಷ ವಹಿವಾಟು ನಡೆಸಿ, ದಿನದ ನಡುವೆ ಎರಡನೆಯ ಕೇಂದ್ರಕ್ಕೆ ಬದಲಾಯಿಸಿ ತೋರಿಸಿದವು.

ರಿಸರ್ವ್ ಬ್ಯಾಂಕ್ 2023ರ ನವೆಂಬರ್ 7ರಂದು ಹೊರಡಿಸಿ 2024ರ ಏಪ್ರಿಲ್ 1ರಿಂದ ಜಾರಿಗೆ ತಂದ ನಿರ್ದೇಶನವೂ ಹೀಗೆಯೇ ಇದೆ. ಮಹತ್ವದ ವ್ಯವಸ್ಥೆಗಳಿಗೆ ಕನಿಷ್ಠ ಆರು ತಿಂಗಳಿಗೊಮ್ಮೆ ಡಿಆರ್ ಡ್ರಿಲ್ ನಡೆಯಬೇಕು. ಯುರೋಪಿನಲ್ಲಿ ಹಣಕಾಸು ಸಂಸ್ಥೆಗಳ ಡಿಜಿಟಲ್ ತಾಳಿಕೆಯ ಕಾಯ್ದೆ 'ಡೋರಾ' 2025ರ ಜನವರಿ 17ರಿಂದ ಅನ್ವಯವಾಗಿದೆ. ಅಲ್ಲಿನ ಬ್ಯಾಂಕುಗಳ ಕೆಲಸ ಮಾಡಿಕೊಡುವ ಬೆಂಗಳೂರಿನ ಕಚೇರಿಗಳಿಗೂ ಅದರ ಬಿಸಿ ತಟ್ಟುತ್ತದೆ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಕಂಪನಿಯ ಒಂದು ದೋಷಪೂರಿತ ಅಪ್‌ಡೇಟ್‌ನಿಂದ ಜಗತ್ತಿನಾದ್ಯಂತ ಸುಮಾರು 85 ಲಕ್ಷ ಕಂಪ್ಯೂಟರ್‌ಗಳು ನಿಂತು, ನಮ್ಮ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸನ್ನು ಕೈಯಲ್ಲಿ ಬರೆದುಕೊಡಬೇಕಾಯಿತು. ಹಣಕಾಸು ವಲಯದ ಹೊರಗಿನ ಸಂಸ್ಥೆಗಳಿಗೂ ಆ ದಿನ ಒಂದು ಪಾಠವಾಯಿತು.

ಯಾರಿಗೆ ಎಷ್ಟು?

ಸರ್ಕಾರಿ ಬ್ಯಾಂಕುಗಳಲ್ಲಿ ಸಂಬಳ ತೆರೆದ ಪುಸ್ತಕ. 2024ರ ಮಾರ್ಚ್‌ನ ಒಪ್ಪಂದದ ಪ್ರಕಾರ ಸ್ಕೇಲ್ 1 ಅಧಿಕಾರಿಯ ಆರಂಭದ ಮೂಲ ವೇತನ 48,480 ರೂ., ಸ್ಕೇಲ್ 2ಕ್ಕೆ 64,820, ಸ್ಕೇಲ್ 3ಕ್ಕೆ 85,920, ಸ್ಕೇಲ್ 4ಕ್ಕೆ 1,02,300. ತುಟ್ಟಿಭತ್ಯೆ, ಮನೆ ಬಾಡಿಗೆ ಭತ್ಯೆ ಇದರ ಮೇಲೆ. ಎಂಜಿನಿಯರಿಂಗ್ ಪದವೀಧರರು ಐಬಿಪಿಎಸ್ ನಡೆಸುವ ಪರೀಕ್ಷೆಯ ಮೂಲಕ ಐ.ಟಿ. ಅಧಿಕಾರಿಯಾಗಿ ಸ್ಕೇಲ್ 1ಕ್ಕೆ ಸೇರಬಹುದು. ಆದರೆ ಇಲ್ಲಿ ಡಿಆರ್ ಕೆಲಸಕ್ಕೆಂದು ಪ್ರತ್ಯೇಕ ವೇತನ ಶ್ರೇಣಿ ಇಲ್ಲ. ಅದೇ ಸ್ಕೇಲಿನ ಶಾಖಾ ವ್ಯವಸ್ಥಾಪಕರಿಗೂ ಡಿಆರ್ ನೋಡಿಕೊಳ್ಳುವವರಿಗೂ ಮೂಲ ವೇತನದ ಶ್ರೇಣಿ ಒಂದೇ. ಏರಿಕೆ ನಿಧಾನ, ಭದ್ರತೆ ಹೆಚ್ಚು.

ಖಾಸಗಿ ವಲಯದಲ್ಲಿ ಹಾಗಿಲ್ಲ. ದೊಡ್ಡ ಸಾಫ್ಟ್‌ವೇರ್ ಸೇವಾ ಕಂಪನಿಗಳಲ್ಲಿ ಹೊಸಬರ ಸಂಬಳ ಒಂದು ದಶಕಕ್ಕೂ ಹೆಚ್ಚು ಕಾಲ ವರ್ಷಕ್ಕೆ ಮೂರರಿಂದ ನಾಲ್ಕು ಲಕ್ಷದ ಸುತ್ತಲೇ ನಿಂತಿದೆ. ಡಿಆರ್ ತಂಡಕ್ಕೆ ಹೊಸಬರನ್ನು ನೇರವಾಗಿ ತೆಗೆದುಕೊಳ್ಳುವುದು ಅಪರೂಪ. ಸರ್ವರ್, ನೆಟ್‌ವರ್ಕ್, ಡೇಟಾಬೇಸ್ ಅಥವಾ ಆಂತರಿಕ ಆಡಿಟ್ ವಿಭಾಗದಲ್ಲಿ ಕೆಲವು ವರ್ಷ ಪಳಗಿದವರು ಇತ್ತ ಹೊರಳುತ್ತಾರೆ. ಆದ್ದರಿಂದ ಜಾಹೀರಾತಿನಲ್ಲಿ ಕಾಣುವ ದೊಡ್ಡ ಸಂಬಳ ಮೊದಲ ವರ್ಷದ ಸಂಬಳವಲ್ಲ.

ಒಳಗೆ ಬಂದ ಮೇಲೆಯೂ ವ್ಯತ್ಯಾಸವಿದೆ. ಕೇವಲ ಯೋಜನೆಯ ಕಡತ ಬರೆದು ವರ್ಷಕ್ಕೊಮ್ಮೆ ತಿದ್ದುವವರ ಸಂಬಳ ಒಂದು ಹಂತದಲ್ಲಿ ನಿಂತುಬಿಡುತ್ತದೆ. ನಿಜವಾದ ಡ್ರಿಲ್ ನಡೆಸಿ, ಗಡುವಿನೊಳಗೆ ಸೇವೆ ಮರಳಿ ತಂದು, ಎಡವಿದ್ದನ್ನು ದಾಖಲಿಸಿ ಸರಿಪಡಿಸಿದ ಅನುಭವ ಇರುವವರಿಗೆ ಬೇಡಿಕೆ ಹೆಚ್ಚು. ಕ್ಲೌಡ್ ಬಂದ ಮೇಲೆ ಟೇಪ್ ಬ್ಯಾಕಪ್ ಒಂದನ್ನೇ ಬಲ್ಲವರಿಗೆ ಬೆಲೆ ಇಳಿದಿದೆ. ತಂತ್ರಜ್ಞಾನ, ನಿಯಮ ಎರಡನ್ನೂ ಬಲ್ಲವರಿಗೆ ಏರಿದೆ.

ಅಮೆರಿಕದ ಸಂಬಳ ಸಮೀಕ್ಷೆಗಳನ್ನು ತೋರಿಸಿ ಡಾಲರನ್ನು ರೂಪಾಯಿಗೆ ಗುಣಿಸುವುದು ದಾರಿ ತಪ್ಪಿಸುತ್ತದೆ. ಅಲ್ಲಿನ ಬಾಡಿಗೆ, ತೆರಿಗೆ, ವಿಮೆಯ ಖರ್ಚು ಬೇರೆ. ಇಂತಹ ಸರಾಸರಿಯಲ್ಲಿ ಬಹಳ ವರ್ಷ ದುಡಿದ ಹಿರಿಯರ ಸಂಬಳವೂ ಸೇರಿರುತ್ತದೆ.

ಪ್ರಮಾಣಪತ್ರ ಯಾವಾಗ?

ಈ ಕ್ಷೇತ್ರದ ಹೆಸರಾಂತ ಸಂಸ್ಥೆಗಳು ಎರಡು: 1988ರಲ್ಲಿ ಅಮೆರಿಕದಲ್ಲಿ ಆರಂಭವಾದ ಡಿಆರ್‌ಐ ಮತ್ತು 1994ರಲ್ಲಿ ಬ್ರಿಟನ್ನಿನಲ್ಲಿ ಆರಂಭವಾದ ಬಿಸಿಐ. ಡಿಆರ್‌ಐ ಕೊಡುವ ಸಿಬಿಸಿಪಿ ಪ್ರಮಾಣಪತ್ರಕ್ಕೆ ಪರೀಕ್ಷೆ ಪಾಸಾದರೆ ಸಾಲದು, ಕನಿಷ್ಠ ಎರಡು ವರ್ಷದ ಅನುಭವವನ್ನೂ ತೋರಿಸಬೇಕು. ಅನುಭವ ಸಾಲದವರಿಗೆ ಎಬಿಸಿಪಿ ಎಂಬ ಕೆಳಹಂತವಿದೆ. ಹಾಗಾಗಿ ಈಗಷ್ಟೇ ಪದವಿ ಮುಗಿಸಿದವರಿಗೆ ಸಿಬಿಸಿಪಿ ಕೊಡಿಸುತ್ತೇವೆ ಎಂದು ಯಾರಾದರೂ ಹೇಳಿದರೆ ಅಲ್ಲೇ ಅನುಮಾನಿಸಬೇಕು. 2012ರಲ್ಲಿ ಬಂದು 2019ರಲ್ಲಿ ಪರಿಷ್ಕೃತವಾದ ಐಎಸ್‌ಒ 22301 ಮಾನದಂಡದ ತರಬೇತಿಯೂ ಉಪಯುಕ್ತ. ಕೆಲಸಕ್ಕೆ ಸೇರಿದ ಮೇಲೆ ಕಂಪನಿಯೇ ಶುಲ್ಕ ಭರಿಸುತ್ತದೆಯೇ ಎಂದು ಮೊದಲು ಕೇಳುವುದು ಜಾಣತನ.

ಆಫರ್ ಪತ್ರ ಓದುವ ಬಗೆ

ವರ್ಷಕ್ಕೆ 6 ಲಕ್ಷ 'ಸಿಟಿಸಿ' ಎಂಬ ಒಂದು ಉದಾಹರಣೆ ತೆಗೆದುಕೊಳ್ಳೋಣ. ತಿಂಗಳಿಗೆ 50,000. ಅದರಲ್ಲಿ ಮೂಲ ವೇತನ 25,000, ಸಾಧನೆ ಆಧರಿಸಿದ ಭಾಗ ಶೇ 10 ಎಂದಿಟ್ಟುಕೊಂಡರೆ ಲೆಕ್ಕ ಹೀಗಾಗುತ್ತದೆ:

- ಸಾಧನೆ ಆಧರಿಸಿದ ಭಾಗ, ತಿಂಗಳಿಗೆ ಸಿಗದು: 5,000
- ಕಂಪನಿಯ ಪಾಲಿನ ಭವಿಷ್ಯನಿಧಿ, ಶೇ 12: 3,000
- ಗ್ರಾಚ್ಯುಟಿಗೆ ತೆಗೆದಿಡುವುದು, ಶೇ 4.81: ಸುಮಾರು 1,200
- ನೌಕರರ ಪಾಲಿನ ಭವಿಷ್ಯನಿಧಿ: 3,000
- ವೃತ್ತಿ ತೆರಿಗೆ: 200

ಕೈಗೆ ಬರುವುದು ಸುಮಾರು 37,600 ರೂ. ಭವಿಷ್ಯನಿಧಿ ಉಳಿತಾಯವೇ ಸರಿ, ಆದರೆ ಬೆಂಗಳೂರಿನ ಬಾಡಿಗೆಯನ್ನು ಅದರಿಂದ ಕಟ್ಟಲಾಗದು.

ಈ ಕೆಲಸಕ್ಕೇ ಸಂಬಂಧಿಸಿದ ಇನ್ನೂ ಮೂರು ಪ್ರಶ್ನೆಗಳಿವೆ. ರಾತ್ರಿ ಕರೆ ಬಂದರೆ ಹಾಜರಾಗುವ 'ಆನ್‌ಕಾಲ್' ಸರದಿಗೆ ಭತ್ಯೆ ಉಂಟೇ? ಡ್ರಿಲ್‌ಗಳು ಸಾಮಾನ್ಯವಾಗಿ ಶನಿವಾರ, ಭಾನುವಾರ ನಡೆಯುವುದರಿಂದ ಬದಲಿ ರಜೆ ಸಿಗುತ್ತದೆಯೇ? ಈ ಹುದ್ದೆ ನಿಯಂತ್ರಕರ ನಿಯಮದಿಂದ ಬಂದದ್ದೋ, ಒಬ್ಬ ಗ್ರಾಹಕನ ಗುತ್ತಿಗೆಯಿಂದ ಬಂದದ್ದೋ? ಗುತ್ತಿಗೆ ಮುಗಿದರೆ ಹುದ್ದೆಯೂ ಮುಗಿಯಬಹುದು ಎಂಬ ಕಾರಣಕ್ಕೆ ಕೊನೆಯ ಪ್ರಶ್ನೆಯನ್ನು ಬಿಡಬಾರದು.

ಯಾರಿಗೆ ಒಗ್ಗುತ್ತದೆ?

ಚಿತ್ರದುರ್ಗ, ತುಮಕೂರು ಕಡೆಯ ಕಾಲೇಜುಗಳಲ್ಲಿ ಎಂಜಿನಿಯರಿಂಗ್ ಓದಿದವರಿಗೆ ತಾಂತ್ರಿಕ ಭಾಗ ಸಹಜ ದಾರಿ. ಆದರೆ ವ್ಯವಹಾರದ ಭಾಗ ಬಿ.ಕಾಂ., ಎಂ.ಕಾಂ., ಸಿ.ಎ. ಓದಿದವರಿಗೂ ತೆರೆದಿದೆ ಎಂಬುದು ಅನೇಕರಿಗೆ ತಿಳಿಯದು. ಯಾವ ಕೆಲಸ ಎಷ್ಟು ಹೊತ್ತು ನಿಂತರೆ ಎಷ್ಟು ನಷ್ಟ ಎಂದು ಲೆಕ್ಕ ಹಾಕುವುದು ವ್ಯಾಪಾರದ ಮನೆಗಳಲ್ಲಿ ಬೆಳೆದವರಿಗೆ ಹೊಸ ವಿದ್ಯೆಯೇನಲ್ಲ.

ಪದವಿ ಮುಗಿಸಿದ ಕೂಡಲೇ ಲಕ್ಷಗಟ್ಟಲೆ ಶುಲ್ಕ ಕಟ್ಟುವ ಬದಲು, ಎರಡು ಮೂರು ವರ್ಷ ಬ್ಯಾಂಕ್, ವಿಮೆ ಅಥವಾ ಆಡಿಟ್ ಸಂಬಂಧಿತ ಕೆಲಸದಲ್ಲಿ ನೆಲೆ ನಿಂತು, ನಡೆಯುವ ಪ್ರತಿ ಡ್ರಿಲ್‌ನಲ್ಲಿ ಪಾಲ್ಗೊಳ್ಳಲು ಅವಕಾಶ ಕೇಳಿಕೊಳ್ಳುವುದು ಲೇಸು. ತಾವು ಕಂಡ ಡ್ರಿಲ್‌ನ ದಿನಾಂಕ, ಹಿಡಿದ ಸಮಯ, ವಹಿಸಿದ ಪಾತ್ರ, ಇಷ್ಟನ್ನು ಸಂಸ್ಥೆಯ ಗುಟ್ಟು ಬಿಡದಂತೆ ಬರೆದಿಟ್ಟುಕೊಂಡರೆ ಮುಂದಿನ ಸಂದರ್ಶನದಲ್ಲಿ ಸಂಬಳದ ಮಾತು ಬಂದಾಗ ಅದೇ ಗಟ್ಟಿ ಆಧಾರವಾಗುತ್ತದೆ.